‘ಇಸ್ನೋಫಿಲಿಯಾ’ ಎಂಬುದು ರೋಗದ ಹೆಸರಲ್ಲ

ಮಳೆಗಾಲ ಹಿಡಿದ ಮೇಲೆ ನಮ್ಮ ಮಹಾಂತೇಶ ನಗರದಲ್ಲಿ ರಾತ್ರಿ ಹನ್ನೆರಡರ ನಂತರ ಓಣಿಯಲ್ಲಿ ನಡೆದು ಹೋದರೆ ನಾಲ್ಕು ಮನೆಗೆ ಒಂದು ಮನೆಯಲ್ಲಿ ಯಾರಾದರೂ ಕೆಮ್ಮುವುದು ಕೇಳಿಸುತ್ತದೆ. ಬೆಳಗಾವಿಯ ಮಳೆ ಒಮ್ಮೆ ಸುರಿದು ಹೋಗುವ ಮಳೆಯಲ್ಲ. ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣದು. ಗೋಡೆಗೆ ಬೂಸು, ಬಟ್ಟೆಗೆ ವಾಸನೆ, ಮಕ್ಕಳಿಗೆ ಕೆಮ್ಮು. ಶಾಲೆಯ ಹಾಜರಿ ಪುಸ್ತಕದಲ್ಲಿ ಜುಲೈ ತಿಂಗಳ ಪುಟವನ್ನು ನೋಡಿದರೂ ಸಾಕು, ಇದು ತಿಳಿಯುತ್ತದೆ.

ಅಂಥ ಒಂದು ಸಂಜೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಕೊಡೆ ಮಡಚುತ್ತ ನಮ್ಮ ಮನೆಗೆ ಬಂದರು. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕೆಲಸ. ಪ್ಲಾಸ್ಟಿಕ್ ಚೀಲದೊಳಗಿನಿಂದ ಎರಡು ರಕ್ತಪರೀಕ್ಷೆಯ ವರದಿಗಳನ್ನು ತೆಗೆದು ನನ್ನ ಮುಂದಿಟ್ಟರು.

“ಸರ್, ನಮ್ಮ ಹುಡುಗಿಗೆ ಇಸ್ನೋಫಿಲಿಯಾ ಐತ್ರಿ. ಹೋದ ವರ್ಷ ಹನ್ನೊಂದ ಇತ್ತು, ಈಗ ಒಂಬತ್ತಕ್ಕ ಬಂದೈತಿ. ಅಂದ್ರ ಕಡಿಮಿ ಆಗಾಕತ್ತೈತಿ, ಹೌದಲ್ರೀ? ಆದ್ರ ಕೆಮ್ಮ ಯಾಕ ಜಾಸ್ತಿ ಆಗೈತಿ?”

ನಾನು ವೈದ್ಯನಲ್ಲ, ಬಿ.ಎಸ್ಸಿ., ಬಿ.ಎಡ್. ಮಾಡಿದ ಮಾಸ್ತರ. ಔಷಧ ಹೇಳುವುದು ನನ್ನ ಕೆಲಸವಲ್ಲ. ಆದರೆ ಲೆಕ್ಕ ಹೇಳಬಹುದಲ್ಲ! ವಿದ್ಯಾರ್ಥಿಗಳೇ, ನೀವೂ ಒಂದು ಹಾಳೆ ತೆಗೆದುಕೊಳ್ಳಿ. ಹೋದ ವರ್ಷದ ವರದಿಯಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಟ್ಟು ಬಿಳಿ ರಕ್ತಕಣಗಳು 6,000. ಅದರಲ್ಲಿ ಇಯೊಸಿನೊಫಿಲ್ ಶೇಕಡಾ 11. ಈ ವರ್ಷದ ವರದಿಯಲ್ಲಿ ಒಟ್ಟು 7,800. ಅದರಲ್ಲಿ ಶೇಕಡಾ 9. ಗುಣಿಸಿ ನೋಡಿ. ಹೋದ ವರ್ಷ 660, ಈ ವರ್ಷ 702. ಶೇಕಡಾವಾರು ಇಳಿದಿದೆ, ಎಣಿಕೆ ಏರಿದೆ! ಶೇಕಡಾ ಎಷ್ಟು ಎಂದು ಕೇಳಿದ ಕೂಡಲೇ ‘ಯಾವುದರಲ್ಲಿ?’ ಎಂದು ಕೇಳಬೇಕು ಎಂದು ನಾನು ಏಳನೆಯ ತರಗತಿಯಿಂದಲೇ ಬಡಿದುಕೊಳ್ಳುವುದು ಇದಕ್ಕೇ.

ಹಾಗೆಂದು 660ಕ್ಕಿಂತ 702 ಹೆಚ್ಚು, ಆದ್ದರಿಂದ ರೋಗ ಉಲ್ಬಣಿಸಿದೆ ಎಂದೂ ತಿಳಿಯಬಾರದು. ಈ ಕಣಗಳ ಸಂಖ್ಯೆ ದಿನದೊಳಗೇ ಏರಿಳಿಯುತ್ತದೆ. ಬೆಳಗಿನ ಹೊತ್ತು ಕಡಿಮೆ, ರಾತ್ರಿ ಹೆಚ್ಚು. ಸಾಮಾನ್ಯವಾಗಿ 500ರೊಳಗೆ ಇರಬೇಕಾದದ್ದು ಎರಡು ವರ್ಷವೂ ಮೇಲೆಯೇ ಇದೆ ಎಂಬುದಷ್ಟೇ ಈ ಎರಡು ಕಾಗದಗಳು ಹೇಳುವ ಮಾತು.

ಈ ಇಯೊಸಿನೊಫಿಲ್ ಎಂದರೇನು? ನಮ್ಮ ಜನರ ಬಾಯಲ್ಲಿ ಅದು ‘ಇಸ್ನೋಫಿಲಿಯಾ’ ಎಂಬ ರೋಗವಾಗಿಬಿಟ್ಟಿದೆ. ವಾಸ್ತವದಲ್ಲಿ ಅದು ಬಿಳಿ ರಕ್ತಕಣದ ಒಂದು ಬಗೆ. 1879ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ರಕ್ತವನ್ನು ಗಾಜಿನ ಮೇಲೆ ಸವರಿ ಬಗೆಬಗೆಯ ಬಣ್ಣಗಳನ್ನು ಹಾಕಿ ನೋಡುತ್ತಿದ್ದಾಗ ಕೆಲವು ಕಣಗಳು ‘ಇಯೊಸಿನ್’ ಎಂಬ ಕೆಂಪು ಬಣ್ಣವನ್ನು ಆಸೆಯಿಂದ ಹೀರಿಕೊಂಡವು. ಗ್ರೀಕ್ ಭಾಷೆಯಲ್ಲಿ ‘ಇಯೊಸ್’ ಎಂದರೆ ಅರುಣೋದಯ. ಆ ಬಣ್ಣವನ್ನು ಪ್ರೀತಿಸುವ ಕಣ ಎಂಬುದೇ ಹೆಸರಿನ ಅರ್ಥ. ನಮ್ಮ ಲ್ಯಾಬುಗಳಲ್ಲಿ ಇಂದಿಗೂ ಬಳಸುವ ಲೀಶ್ಮನ್ ಬಣ್ಣದಲ್ಲಿ ಇದೇ ಇಯೊಸಿನ್ ಇದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣದ ತುಂಬ ದಾಳಿಂಬೆ ಕಾಳಿನಂತೆ ಕೆಂಪು ಹರಳುಗಳು. ಆ ಹರಳುಗಳಲ್ಲಿ ಇರುವುದು ವಿಷವೆನ್ನಬಹುದಾದ ಪ್ರೋಟೀನುಗಳು. ದೊಡ್ಡ ಶತ್ರುಗಳ ಮೇಲೆ, ಅಂದರೆ ಹೊಟ್ಟೆಹುಳುವಿನಂಥ ಜೀವಿಗಳ ಮೇಲೆ, ಸುರಿಯಲೆಂದು ದೇಹ ಇಟ್ಟುಕೊಂಡ ಮದ್ದುಗುಂಡು.

ಆದ್ದರಿಂದ ಈ ಕಣ ಏರಿತೆಂದರೆ ಅದಕ್ಕೆ ಕಾರಣ ಒಂದೇ ಅಲ್ಲ. ಬರಿಗಾಲಲ್ಲಿ ಓಡಾಡುವ ಮಗುವಿಗೆ ಕೊಕ್ಕೆಹುಳು ಇರಬಹುದು, ಚರ್ಮದ ಅಲರ್ಜಿ ಇರಬಹುದು, ಯಾವುದೋ ಔಷಧ ಒಗ್ಗದೆ ಇರಬಹುದು, ಅಸ್ತಮಾ ಇರಬಹುದು. ನಮ್ಮ ದೇಶದಲ್ಲಿ ಇನ್ನೂ ಒಂದು ಸಾಧ್ಯತೆ ಉಂಟು. 1940ರಲ್ಲಿ ಆಂಧ್ರದ ಮದನಪಲ್ಲಿಯ ಕ್ಷಯ ಚಿಕಿತ್ಸಾಲಯದ ವೈದ್ಯರಾದ ಫ್ರಿಮೋಟ್-ಮೋಲರ್ ಮತ್ತು ಬಾರ್ಟನ್ ಅವರು ಕ್ಷಯದಂತೆಯೇ ಕಾಣುವ, ಆದರೆ ಕ್ಷಯವಲ್ಲದ ಕೆಮ್ಮಿನ ರೋಗವೊಂದನ್ನು ವರದಿ ಮಾಡಿದರು. ರಕ್ತದಲ್ಲಿ ಇಯೊಸಿನೊಫಿಲ್ ಸಾವಿರಗಟ್ಟಲೆ. 1943ರಲ್ಲಿ ವೈಂಗಾರ್ಟನ್ ಎಂಬವರು ಅದಕ್ಕೆ ‘ಟ್ರಾಪಿಕಲ್ ಇಯೊಸಿನೊಫಿಲಿಯಾ’ ಎಂದು ಹೆಸರಿಟ್ಟರು. ನಮ್ಮ ಓಣಿಯ ‘ಇಸ್ನೋಫಿಲಿಯಾ’ ಹುಟ್ಟಿದ್ದು ಬಹುಶಃ ಇಲ್ಲಿಂದಲೇ! ಆಮೇಲೆ ಗೊತ್ತಾದ ಸಂಗತಿಯೆಂದರೆ, ಅದು ಆನೆಕಾಲು ರೋಗದ ಹುಳುವಿನ ಮರಿಗಳಿಗೆ ಶ್ವಾಸಕೋಶ ತೋರುವ ಪ್ರತಿಕ್ರಿಯೆ. ಅದಕ್ಕೆ ಕೊಡುವ ಡೈಈಥೈಲ್ ಕಾರ್ಬಮಜೀನ್ ಔಷಧ 1947ರಲ್ಲಿ ಹೊರಬಂದದ್ದು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ, ನಮ್ಮವರೇ ಆದ, ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. ಸುಬ್ಬರಾಯರ ಕಥೆಯೇ ಒಂದು ಅಂಕಣಕ್ಕಾಗುವಷ್ಟಿದೆ, ಇನ್ನೊಮ್ಮೆ ಬರೆಯುತ್ತೇನೆ.

ಆ ಔಷಧ ಬಂದ ಮೇಲೆ ಆದದ್ದೇನೆಂದರೆ, ರಕ್ತದಲ್ಲಿ ಈ ಕಣ ಸ್ವಲ್ಪ ಹೆಚ್ಚಿದ್ದರೂ ಸರಿ, ಒಂದು ಕೋರ್ಸು ಗುಳಿಗೆ ಎಂಬ ರೂಢಿ ಬಿತ್ತು. 700 ಇದ್ದರೂ ಅದೇ, 7,000 ಇದ್ದರೂ ಅದೇ. ನಮ್ಮ ಈ ಹುಡುಗಿಯೂ ನಾಲ್ಕು ವರ್ಷಗಳಿಂದ ಪ್ರತಿ ಮಳೆಗಾಲ ಅಂಗಡಿಯೊಂದರಿಂದ ತಂದ ಮೂರು ಬಗೆಯ ಗುಳಿಗೆ ನುಂಗುತ್ತಿದ್ದಳು. ಐದು ದಿನಕ್ಕೆ ಕೆಮ್ಮು ಮಾಯ, ಎಣಿಕೆಯೂ ಇಳಿಯುತ್ತಿತ್ತು. ಮೂರು ವಾರಕ್ಕೆ ಮತ್ತೆ ಕೆಮ್ಮು. ಹೋದ ವರ್ಷ ಎದೆರೋಗ ತಜ್ಞರೊಬ್ಬರು ಅಸ್ತಮಾ ಎಂದು ಹೇಳಿ ಇನ್ಹೇಲರ್ ಬರೆದುಕೊಟ್ಟಿದ್ದರು. ಅದು ದೇವರ ಕೋಣೆಯ ಕಪಾಟಿನಲ್ಲಿ ಪೊಟ್ಟಣ ಬಿಚ್ಚದೆ ಕುಳಿತಿತ್ತು.

“ಅದಕ್ಕ ಚಟ ಬೀಳತಾರಂತ್ರಿ. ಸ್ಟಿರಾಯ್ಡ್ ಬ್ಯಾರೆ ಇರತೈತಂತ. ನಾಳೆ ಲಗ್ನಾ ಮಾಡೋ ಹುಡುಗಿ, ದಮ್ಮೈತಿ ಅಂತ ಗೊತ್ತಾದ್ರ ಏನ್ರಿ ಗತಿ?”

ಆ ಗುಳಿಗೆಗಳ ಚೀಟಿಯನ್ನು ತಜ್ಞರಿಗೆ ತೋರಿಸಿದಾಗ ತಿಳಿದದ್ದು ಇಷ್ಟು: ಮೂರರಲ್ಲಿ ಒಂದು ಸ್ಟಿರಾಯ್ಡ್ ಗುಳಿಗೆಯೇ ಆಗಿತ್ತು. ಯಾವುದಕ್ಕೆ ಹೆದರಿ ಇನ್ಹೇಲರನ್ನು ಕಪಾಟಿನಲ್ಲಿಟ್ಟಿದ್ದರೋ ಅದನ್ನೇ ನಾಲ್ಕು ವರ್ಷಗಳಿಂದ ಮಗಳಿಗೆ ನುಂಗಿಸುತ್ತಿದ್ದರು. ಮತ್ತೊಂದು ಲೆಕ್ಕ ಮಾಡೋಣ. ಗುಳಿಗೆಯಲ್ಲಿ ದಿನಕ್ಕೆ 20 ಮಿಲಿಗ್ರಾಂ, ಅಂದರೆ 20,000 ಮೈಕ್ರೋಗ್ರಾಂ. ಇನ್ಹೇಲರಿನಲ್ಲಿ ಬೆಳಿಗ್ಗೆ 100, ಸಂಜೆ 100, ಒಟ್ಟು 200 ಮೈಕ್ರೋಗ್ರಾಂ. ನೂರು ಪಟ್ಟು ವ್ಯತ್ಯಾಸ. ಎರಡೂ ಬೇರೆ ಬೇರೆ ಔಷಧಗಳಾದ್ದರಿಂದ, ಇನ್ಹೇಲರಿನದು ತೂಕಕ್ಕೆ ತೂಕ ಹೆಚ್ಚು ಬಲವಾದದ್ದಾದ್ದರಿಂದ, ಈ ನೂರನ್ನು ಹಾಗೆಯೇ ನಂಬುವಂತಿಲ್ಲ. ಆದರೂ ಇಡೀ ದೇಹಕ್ಕೆ ಹರಡುವುದಕ್ಕೂ ನೇರ ಶ್ವಾಸನಾಳಕ್ಕೆ ಸವರುವುದಕ್ಕೂ ಇರುವ ಅಂತರ ತಿಳಿಯುತ್ತದೆ. ಗುಳಿಗೆ ನುಂಗಿದ ವಾರ ರಕ್ತಪರೀಕ್ಷೆ ಮಾಡಿಸಿದರೆ ಇಯೊಸಿನೊಫಿಲ್ ಇಳಿದೇ ಇರುತ್ತದೆ. ಸ್ಟಿರಾಯ್ಡ್ ಅವುಗಳನ್ನು ರಕ್ತದಿಂದ ಕಡಿಮೆ ಮಾಡುತ್ತದೆ. ‘ರೋಗ ವಾಸಿಯಾಯಿತು’ ಎಂದು ಕಾಗದ ಹೇಳುತ್ತಿದ್ದದ್ದು ಈ ಕಾರಣಕ್ಕೆ.

ಮಗುವಿನ ರಕ್ತದಲ್ಲಿ ಈ ಕೆಂಪು ಕಣಗಳನ್ನು ಕರೆಯುವವರು ಯಾರು? ಇದು ಈಚಿನ ನಲವತ್ತು ಐವತ್ತು ವರ್ಷಗಳಲ್ಲಿ ಬಿಡಿಸಿದ ಒಗಟು. ಅದರ ಒಂದು ತುದಿ ನಮ್ಮ ಮನೆಯ ಕೌದಿಯಲ್ಲೇ ಇದೆ.

ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಅಜ್ಜಿಯಂದಿರು ಹೊಲಿಯುವ ಕೌದಿ ನಮ್ಮ ಭಾಗದ ಹೆಮ್ಮೆ. ಆದರೆ ಅದರೊಳಗೆ ಬರಿಗಣ್ಣಿಗೆ ಕಾಣದ, ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಉದ್ದದ ಧೂಳುನುಸಿಗಳು ಸಂಸಾರ ಮಾಡಿಕೊಂಡಿರುತ್ತವೆ. ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟೇ ಅವಕ್ಕೆ ಊಟ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತವೆ. ಅದಕ್ಕೇ ಬಯಲುಸೀಮೆಯ ಬೇಸಿಗೆಗಿಂತ ಬೆಳಗಾವಿ-ಖಾನಾಪುರದ ಮಳೆಗಾಲ ಅವಕ್ಕೆ ಸುಗ್ಗಿ. ನುಸಿ ಕಚ್ಚುವುದಿಲ್ಲ. ತೊಂದರೆ ಇರುವುದು ಅದರ ಹಿಕ್ಕೆಯಲ್ಲಿ. ಆ ಹಿಕ್ಕೆಯಲ್ಲಿ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವ ಇದೆ. ನಮ್ಮ ಶ್ವಾಸನಾಳದ ಒಳಗೋಡೆಯ ಕೋಶಗಳು ಇಟ್ಟಿಗೆಗಳಂತೆ ಒತ್ತೊತ್ತಾಗಿ ಕುಳಿತಿರುತ್ತವೆ. ಅವುಗಳ ನಡುವಿನ ಗಾರೆಯನ್ನು ಈ ಕಿಣ್ವ ಕೊರೆಯುತ್ತದೆ.

ಗೋಡೆ ಕೊರೆಯಿಸಿಕೊಂಡ ಕೋಶಗಳು ಸುಮ್ಮನಿರುವುದಿಲ್ಲ, ಅಪಾಯದ ಸಂಕೇತಗಳನ್ನು ಬಿಡುತ್ತವೆ. ಅದನ್ನು ಕೇಳಿ ‘ಟಿ-ಸಹಾಯಕ’ ಎಂಬ ಬಿಳಿ ರಕ್ತಕಣಗಳ ಒಂದು ಬಣ ಎಚ್ಚರಗೊಂಡು ಮೂರು ರಾಸಾಯನಿಕ ಸಂದೇಶಗಳನ್ನು ಕಳಿಸುತ್ತದೆ. ವಿಜ್ಞಾನಿಗಳು ಅವುಗಳಿಗೆ ಇಂಟರ್‌ಲ್ಯೂಕಿನ್ 4, 5 ಮತ್ತು 13 ಎಂದು ನಂಬರು ಕೊಟ್ಟಿದ್ದಾರೆ. ಐದನೆಯ ನಂಬರಿನದು ಅಸ್ಥಿಮಜ್ಜೆಗೆ ಹೋಗಿ ‘ಇಯೊಸಿನೊಫಿಲ್‌ಗಳನ್ನು ಕಳಿಸು’ ಎನ್ನುತ್ತದೆ. ರಕ್ತಪರೀಕ್ಷೆಯಲ್ಲಿ ನಾವು ಎಣಿಸುವುದು ದಾರಿಯಲ್ಲಿರುವ ಈ ಪಡೆಯನ್ನು. ಹದಿಮೂರನೆಯದು ಲೋಳೆ ಹೆಚ್ಚಿಸುತ್ತದೆ. ನಾಲ್ಕನೆಯದು ‘ಐಜಿಇ’ ಎಂಬ ಪ್ರತಿಕಾಯ ತಯಾರಿಸಲು ಆಜ್ಞೆ ಕೊಡುತ್ತದೆ.

ಈ ಐಜಿಇಯನ್ನು ಪತ್ತೆ ಮಾಡಿದ ಕಥೆಯನ್ನು ನನ್ನ ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. 1921ರಲ್ಲಿ ಕೂಸ್ಟ್ನರ್ ಎಂಬ ಜರ್ಮನ್ ವೈದ್ಯನಿಗೆ ಬೇಯಿಸಿದ ಮೀನು ತಿಂದರೆ ಮೈಯೆಲ್ಲ ದದ್ದು. ಅವನ ಸಹೋದ್ಯೋಗಿ ಪ್ರೌಸ್ನಿಟ್ಸ್ ಏನು ಮಾಡಿದ ಗೊತ್ತೇ? ಕೂಸ್ಟ್ನರನ ರಕ್ತದ ತಿಳಿಯನ್ನು ತನ್ನ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡ! ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿಕೊಂಡಾಗ ಅಲ್ಲಿ ಮಾತ್ರ ದದ್ದೆದ್ದಿತು. ಅಂದರೆ ಅಲರ್ಜಿಯನ್ನು ಹೊತ್ತು ತರುವ ಏನೋ ಒಂದು ವಸ್ತು ರಕ್ತದಲ್ಲಿದೆ ಎಂದಾಯಿತು. (ಇಂಥ ಪ್ರಯೋಗವನ್ನು ನೀವು ಮಾಡಬಾರದು. ರಕ್ತದಿಂದ ಬೇರೆ ಏನೇನು ದಾಟುತ್ತದೆ ಎಂದು ಇಂದು ನಮಗೆ ಗೊತ್ತು.) ಆ ವಸ್ತುವನ್ನು ಹಿಡಿಯಲು ಮತ್ತೆ 45 ವರ್ಷ ಬೇಕಾಯಿತು. 1966ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಜಪಾನಿ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಝಾಕ, ಮರುವರ್ಷ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ ಅದನ್ನು ಗುರುತಿಸಿದರು. ತಡವಾದದ್ದೇಕೆಂದರೆ ರಕ್ತದ ಮುಖ್ಯ ಪ್ರತಿಕಾಯಕ್ಕೆ ಹೋಲಿಸಿದರೆ ಐಜಿಇ ಹತ್ತಾರು ಸಾವಿರ ಪಟ್ಟು ಕಡಿಮೆ.

ಐಜಿಇ ಹೋಗಿ ಶ್ವಾಸನಾಳದ ‘ಮಾಸ್ಟ್’ ಕೋಶಗಳ ಮೇಲೆ ಕುಳಿತುಕೊಳ್ಳುತ್ತದೆ. ಮುಂದಿನ ಸಲ ನುಸಿಯ ಹಿಕ್ಕೆ ಒಳಬಂದಾಗ ಬಂದೂಕಿನ ಕುದುರೆ ಎಳೆದಂತೆ. ಹಿಸ್ಟಮಿನ್, ಲ್ಯೂಕೋಟ್ರೀನ್‌ಗಳು ಸುರಿದು ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಉಸಿರು ಸುಂಯ್ಗುಟ್ಟುತ್ತದೆ. ಕೆಲವು ಗಂಟೆಗಳ ನಂತರ ಇಯೊಸಿನೊಫಿಲ್ ಪಡೆ ಬಂದು ಅಲ್ಲಿ ಹುಳು ಇಲ್ಲದಿದ್ದರೂ ತನ್ನ ಮದ್ದುಗುಂಡನ್ನು ನಮ್ಮದೇ ಗೋಡೆಯ ಮೇಲೆ ಹಾರಿಸುತ್ತದೆ. ಬಿಗಿದ ಸ್ನಾಯುವನ್ನು ಸಡಿಲಿಸುವ ಔಷಧ ಒಂದು ಬಗೆ, ಈ ಪಡೆಯನ್ನೇ ಬಾರದಂತೆ ಮಾಡುವ ಔಷಧ ಇನ್ನೊಂದು ಬಗೆ. ಸ್ಟಿರಾಯ್ಡ್ ಎರಡನೆಯದು. ಅದು ಕೋಶದೊಳಗೆ ಹೊಕ್ಕು ಕೋಶಕೇಂದ್ರಕ್ಕೇ ಹೋಗಿ ಉರಿಯೂತದ ಪ್ರೋಟೀನುಗಳ ಜೀನುಗಳನ್ನು ಅಮುಕುತ್ತದೆ. ಇದಕ್ಕೆ ದಿನಗಳು ಬೇಕು. ‘ಎರಡು ದಿನ ಎಳೆದೆ, ಏನೂ ಆಗಲಿಲ್ಲ’ ಎಂದು ಬಿಡುವವರು ಇಲ್ಲಿ ಎಡವುತ್ತಾರೆ. ಚಟ ಹತ್ತುವ ಪ್ರಶ್ನೆ ಇಲ್ಲ. ಕನ್ನಡಕ ಹಾಕುವುದು ಚಟವೇ?

ರಕ್ತದ ಎಣಿಕೆಯ ನಿಜವಾದ ಬೆಲೆ ತಿಳಿದದ್ದು ಒಂದು ಸೋಲಿನಿಂದ. ಐದನೆಯ ಇಂಟರ್‌ಲ್ಯೂಕಿನ್ನನ್ನು ಹಿಡಿದುಹಾಕುವ ಚುಚ್ಚುಮದ್ದನ್ನು 2000ದ ಸುಮಾರಿಗೆ ಎಲ್ಲ ಬಗೆಯ ಅಸ್ತಮಾ ರೋಗಿಗಳಿಗೂ ಕೊಟ್ಟು ನೋಡಿದಾಗ ಪ್ರಯೋಜನ ಕಾಣಲಿಲ್ಲ. ಇಯೊಸಿನೊಫಿಲ್ ಹೆಚ್ಚಿದ್ದವರನ್ನೇ ಆರಿಸಿ 2009ರಲ್ಲಿ ಕೊಟ್ಟಾಗ ಉಲ್ಬಣಗಳು ಕಡಿಮೆಯಾದವು. ‘ಮೆಪೊಲಿಜುಮಾಬ್’ ಎಂಬ ಆ ಔಷಧಕ್ಕೆ 2015ರಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ತೀವ್ರ ಅಸ್ತಮಾದವರಿಗೆ ಮಾತ್ರ, ಬೆಲೆಯೂ ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ. ಒಂದೇ ಹೆಸರಿನ ರೋಗದೊಳಗೆ ಬೇರೆ ಬೇರೆ ರೋಗಗಳು ಅಡಗಿರಬಹುದೆಂಬುದು ಅದರಿಂದ ತಿಳಿಯಿತು.

ಈ ಮಾತಿಗೆ ಉದಾಹರಣೆ ಅದೇ ಮನೆಯಲ್ಲಿತ್ತು. ಹುಡುಗಿಯ ಅಜ್ಜಿ, ಅಂದರೆ ತಾಯಿಯ ತಾಯಿ, ಖಾನಾಪುರ ತಾಲ್ಲೂಕಿನ ಹಳ್ಳಿಯವರು. ಅವರಿಗೂ ವರ್ಷಾನುಗಟ್ಟಲೆಯ ಕೆಮ್ಮು, ದಮ್ಮು. ‘ಅಜ್ಜೀದ್ದ ಮೊಮ್ಮಗಳಿಗೆ ಬಂದೈತಿ’ ಎಂದು ಎಲ್ಲರೂ ತೀರ್ಮಾನಿಸಿದ್ದರು. ಬೀಡಿ ಮುಟ್ಟಿದವರಲ್ಲ. ಕಫ ಪರೀಕ್ಷೆಯಲ್ಲಿ ಕ್ಷಯ ಇಲ್ಲವೆಂದಾಯಿತು. ರಕ್ತದಲ್ಲಿ ಒಟ್ಟು ಬಿಳಿಕಣ 9,000, ಇಯೊಸಿನೊಫಿಲ್ ಶೇಕಡಾ 1. ಬರೀ 90! ಮೊಮ್ಮಗಳ ಏಳನೆಯ ಒಂದು ಭಾಗವೂ ಅಲ್ಲ.

ಅಜ್ಜಿಯ ಎದೆಯಲ್ಲಿ ನಡೆದದ್ದು ಬೇರೆಯೇ ಯುದ್ಧ. ಹೊಗೆ ಒಳಹೋದಾಗ ಧಾವಿಸುವವು ನ್ಯೂಟ್ರೊಫಿಲ್ ಎಂಬ ಕಣಗಳು. ಅವು ಬಿಡುವ ‘ಎಲಾಸ್ಟೇಸ್’ ಕಿಣ್ವ ಶ್ವಾಸಕೋಶಕ್ಕೆ ಹಿಗ್ಗು-ಕುಗ್ಗುವ ಗುಣ ಕೊಡುವ ನಾರುಗಳನ್ನೇ ತಿನ್ನುತ್ತದೆ. ಅದಕ್ಕೆ ಲಗಾಮು ಹಾಕಲು ಯಕೃತ್ತು ‘ಆಲ್ಫಾ-1 ಆಂಟಿಟ್ರಿಪ್ಸಿನ್’ ಎಂಬ ಪ್ರೋಟೀನನ್ನು ರಕ್ತಕ್ಕೆ ಕಳಿಸುತ್ತಿರುತ್ತದೆ. 1963ರಲ್ಲಿ ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ಲಾರೆಲ್ ಮತ್ತು ಎರಿಕ್ಸನ್ ಸುಮಾರು 1,500 ರಕ್ತದ ಮಾದರಿಗಳನ್ನು ನೋಡಿದಾಗ ಐದರಲ್ಲಿ ಈ ಪ್ರೋಟೀನಿನ ಪಟ್ಟಿಯೇ ಕಾಣಲಿಲ್ಲ. ಆ ಐವರಲ್ಲಿ ಮೂವರಿಗೆ ಶ್ವಾಸಕೋಶದ ಕಾಯಿಲೆ. ಆ ಹುಟ್ಟು ಕೊರತೆ ನಮ್ಮಲ್ಲಿ ಅಪರೂಪ. ಆದರೆ ಹೊಗೆಗೆ ಸಿಕ್ಕರೆ ಇರುವ ಪ್ರೋಟೀನೂ ಉತ್ಕರ್ಷಣೆಗೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಸೌದೆಯ ಹೊಗೆಯಿಂದಲೂ ಸಿಗರೇಟಿನ ಹೊಗೆಯಿಂದಲೂ ಆಗುವ ಈ ಕಾಯಿಲೆಗೆ ಸಿಒಪಿಡಿ ಎನ್ನುತ್ತಾರೆ. ಇಂಥವರ ರಕ್ತದಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್, ಫೈಬ್ರಿನೋಜೆನ್ ಏರಿರಬಹುದು. ಆದರೆ ಅವು ಹಲ್ಲು ಕೀವಾದರೂ ಏರುತ್ತವೆ. ಅವುಗಳಿಂದಲೇ ರೋಗ ಹೇಳಲು ಬಾರದು. ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯೇ ಆಗಬೇಕು. ಅಜ್ಜಿಗೆ ಅದೂ ಆಯಿತು. ಎಣಿಕೆ 100ಕ್ಕಿಂತ ಕಡಿಮೆ ಇರುವ ಸಿಒಪಿಡಿ ರೋಗಿಗೆ ಸ್ಟಿರಾಯ್ಡ್ ಇನ್ಹೇಲರಿನಿಂದ ಲಾಭ ಕಡಿಮೆ ಎಂದು 2019ರಿಂದ ಜಾಗತಿಕ ಮಾರ್ಗಸೂಚಿಯಲ್ಲೇ ಇದೆ. ಹಾಗಾಗಿ ಮೊಮ್ಮಗಳಿಗೆ ಕೊಟ್ಟ ಔಷಧವನ್ನು ಅಜ್ಜಿಗೆ ಕೊಡಲಿಲ್ಲ. ನಾಳವನ್ನು ಸಡಿಲಿಸುವ ಇನ್ಹೇಲರ್ ಕೊಟ್ಟರು. ಎರಡು ಕೆಮ್ಮು ಹೊರಗಿನಿಂದ ಒಂದೇ, ಒಳಗಿನಿಂದ ಬೇರೆ.

ಒಲೆಯ ಹೊಗೆಯನ್ನು ಅಳೆಯಲು ನಮ್ಮದೇ ನಾಡಿನಿಂದ ಬಂದ ಒಂದು ಸರಳ ಲೆಕ್ಕವಿದೆ. ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಯ ಹೆಣ್ಣುಮಕ್ಕಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ್ದು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಅದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿ. ಉತ್ತರ 60 ದಾಟಿದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಶುರು ಎಂದು ಅವರು ಕಂಡುಕೊಂಡರು. ಮೂರು ಗಂಟೆ, ಇಪ್ಪತ್ತು ವರ್ಷ: ಅಲ್ಲಿಗೆ 60. ನಮ್ಮ ಅಜ್ಜಿಯದು ನಾಲ್ಕು ಗಂಟೆ, ನಲವತ್ತೊಂದು ವರ್ಷ. ವಿದ್ಯಾರ್ಥಿಗಳೇ, ಗುಣಿಸಿ. ಹಾಗೆಯೇ ನಿಮ್ಮ ಅಜ್ಜಿಯನ್ನೂ ಕೇಳಿ ಗುಣಿಸಿ.

ಮಕ್ಕಳ ವಿಷಯದಲ್ಲಿ ಬೆಂಗಳೂರಿನ ಡಾ. ಎಚ್. ಪರಮೇಶ್ ಅವರ ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ: ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ಶೇಕಡಾ 9, 1999ರಲ್ಲಿ ಶೇಕಡಾ 29.5. ಏರಿಕೆ ಗಾಬರಿ ಹುಟ್ಟಿಸುವಂಥದ್ದೇ. ಆದರೆ ಇಲ್ಲಿಯೂ ‘ಯಾವುದರಲ್ಲಿ?’ ಎಂದು ಕೇಳಿ. ಆಸ್ಪತ್ರೆಗೆ ಬಂದ ಮಕ್ಕಳಲ್ಲಿ, ಊರಿನ ಎಲ್ಲ ಮಕ್ಕಳಲ್ಲಿ ಅಲ್ಲ.

ಮೃಗಶಿರ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಮೀನಿನ ಔಷಧ ನುಂಗಿ ಬಂದವರೂ ನಮ್ಮಲ್ಲಿ ಇದ್ದಾರೆ. ಅಸ್ತಮಾ ತಾನಾಗಿ ಏರುವ, ತಾನಾಗಿ ಇಳಿಯುವ ರೋಗ. ಇಳಿಯುವ ಹೊತ್ತಿಗೆ ಏನು ನುಂಗಿದ್ದೆವೋ ಅದಕ್ಕೆ ಕೀರ್ತಿ. ಅವರೊಡನೆ ವಾದ ಮಾಡುವುದಿಲ್ಲ. ಅಳೆಯಿರಿ ಎಂದಷ್ಟೇ ಹೇಳುತ್ತೇನೆ.

ಹುಡುಗಿಗೂ ಅದನ್ನೇ ಹೇಳಿದೆ. ತಜ್ಞರ ಸಲಹೆಯಂತೆ ಅವಳಪ್ಪ ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ ತಂದುಕೊಟ್ಟರು. ಜೋರಾಗಿ ಊದಿದರೆ ಮುಳ್ಳು ಎಷ್ಟರವರೆಗೆ ಸರಿಯಿತೋ ಅಷ್ಟು. ಬೆಳಿಗ್ಗೆ, ಸಂಜೆ ಊದಿ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡುವುದು ಅವಳ ಪ್ರಾಜೆಕ್ಟು. ಮೊದಲ ವಾರ ಬೆಳಗಿನ ಚುಕ್ಕೆ 200ರ ಆಸುಪಾಸು, ಸಂಜೆಯದು 250. ಬೆಳಿಗ್ಗೆ ಕಡಿಮೆ ಇರುವುದು ಅಸ್ತಮಾದ ಲಕ್ಷಣವೇ. ಕೌದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಒಗೆದು, ಬಿಸಿಲಿಲ್ಲದ್ದಕ್ಕೆ ಫ್ಯಾನಿನ ಕೆಳಗೆ ಎರಡು ದಿನ ಒಣಗಿಸಿದರು. ಇನ್ಹೇಲರ್ ಕಪಾಟಿನಿಂದ ಶಾಲೆಯ ಚೀಲಕ್ಕೆ ಬಂತು. ಮೂರನೆಯ ವಾರದ ಹೊತ್ತಿಗೆ ಬೆಳಿಗ್ಗೆ 270, ಸಂಜೆ 280. ಪಿ.ಟಿ. ಅವಧಿಯಲ್ಲಿ ಕೊನೆಯ ಬೆಂಚಿನ ಮೇಲೆ ಕುಳಿತಿರುತ್ತಿದ್ದವಳು ರಿಲೇ ತಂಡಕ್ಕೆ ಹೆಸರು ಕೊಟ್ಟಿದ್ದಾಳೆ.

“ಸರ್, ಎಲ್ಲಾ ಸರಿ ಐತಿ, ಆದ್ರ ಈ ಎರಡು ಸೋಮವಾರ ಯಾಕ ಇಳದೈತ್ರಿ?” ಎಂದು ಹಾಳೆ ಹಿಡಿದು ಬಂದಳು. ನೋಡಿದೆ. ಎರಡು ಸೋಮವಾರದ ಬೆಳಗೂ 220ರ ಕೆಳಗೆ. ನಾನೇನೂ ಹೇಳಲಿಲ್ಲ. ಅವಳೇ ಕ್ಯಾಲೆಂಡರ್ ನೋಡಿ ಕಂಡುಹಿಡಿದಳು: ಆ ಎರಡೂ ಭಾನುವಾರ ಖಾನಾಪುರದ ಅಜ್ಜಿಯ ಮನೆಯಲ್ಲಿ ಇದ್ದಳು. ಅಡುಗೆಗೆ ಅಲ್ಲಿ ಗ್ಯಾಸ್ ಬಂದು ವರ್ಷಗಳಾದವು. ಆದರೆ ಸ್ನಾನದ ನೀರು ಇನ್ನೂ ಹಂಡೆಯ ಒಲೆಯಲ್ಲೇ, ಅದೂ ಮಳೆಗೆ ನೆನೆದ ಕಟ್ಟಿಗೆಯಲ್ಲಿ, ಅದೂ ಮನೆಯೊಳಗಿನ ಬಚ್ಚಲಲ್ಲಿ.

ಹೋದ ವಾರ ಅವಳಪ್ಪನೊಂದಿಗೆ ನಾನೂ ಹೋಗಿದ್ದೆ. “ಹಂಡೇದ ನೀರು ಹಂಡೇದ್ದ ಮಾಸ್ತರ್ರ, ಗ್ಯಾಸಿನ್ಯಾಗ ಹಂಗ ಕಾಯಂಗಿಲ್ಲ” ಎಂದು ಅಜ್ಜಿ ಒಪ್ಪಲಿಲ್ಲ. ಮೊಮ್ಮಗಳು ಗ್ರಾಫ್ ಹಾಳೆ ಬಿಡಿಸಿ ಎರಡು ಕುಳಿಗಳನ್ನು ಬೆರಳಿಟ್ಟು ತೋರಿಸಿದಳು. ಅಜ್ಜಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಂಡೆ ಮತ್ತು ಒಲೆಯನ್ನು ಹಿತ್ತಲಿನ ತಗಡಿನ ಮಾಡಿಗೆ ಸಾಗಿಸಲು ಒಪ್ಪಿದರು. ಈ ಭಾನುವಾರ ಹುಡುಗಿ ಮತ್ತೆ ಅಲ್ಲಿಗೆ ಹೋಗುತ್ತಾಳೆ. ಸೋಮವಾರದ ಚುಕ್ಕೆ ಎಲ್ಲಿ ಬೀಳುತ್ತದೆಂದು ನೋಡಬೇಕು.